ಬೊತ್ತುಪತ್ರ

ಸೋಮವಾರ, 17 ಜೂನ್ 1957

ಇಂದು ಸರ್ಕಾರಕ್ಕೆ ನನ್ನ ನೆನಪಾಯಿತು. ಕುಂಬಳಕೊಲ್ಲಿ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರನೂ ಸಹೋಪಾಧ್ಯಾಯನೂ ಗಂಟೆ ಬಾರಿಸುವವನೂ ಆದ ನನ್ನನ್ನು ಅದು ಐದು ವರ್ಷಗಳಿಂದ ಮರೆತೇಬಿಟ್ಟಿತ್ತು. ಟಪಾಲಿನಲ್ಲಿ ಬಂದ ಕಟ್ಟು ಎಷ್ಟು ದಪ್ಪವಿತ್ತೆಂದರೆ, ಕೊನೆಗೂ ನಮ್ಮ ಮನೆಯಿರುವ ಮಡಿಕೇರಿಗೆ ವರ್ಗವಾಯಿತೆಂದು ತಿಳಿದು ನಿಂತಲ್ಲೇ ನಶ್ಯ ಏರಿಸಿದೆ. ಬಿಚ್ಚಿದರೆ ಅರವತ್ತೆರಡು ಅಚ್ಚಿನ ನಮೂನೆಗಳು, ಒಂದು ಆದೇಶ.

ಶಾಲೆ ಮುಚ್ಚಿ ಒಂದು ವಾರವಾಯಿತು. ಹಾಜರಿ ಪುಸ್ತಕದ ನಲವತ್ತೊಂದು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಕ್ಕಳು ಜ್ವರವೆಂದು ಬಂದಿರಲಿಲ್ಲ. ಉಳಿದ ಹನ್ನೆರಡು ಮಕ್ಕಳು ಜ್ವರ ಸಮೇತ ಬಂದಿದ್ದರು. ಪತ್ರಿಕೆಯವರು ಇದನ್ನು ಇನ್‌ಫ್ಲುಯೆಂಜಾ ಎನ್ನುತ್ತಾರೆ. ಹಡಗಿನಲ್ಲಿ ಮದ್ರಾಸಿಗೆ ಬಂದಿಳಿದು, ಅಲ್ಲಿಂದ ಟಿಕೆಟ್ಟಿಲ್ಲದೆ ದೇಶವನ್ನೆಲ್ಲ ಸುತ್ತುತ್ತಿದೆಯಂತೆ. ನಮ್ಮೂರಿನ ನಾಲಿಗೆಗೆ ಸಿಕ್ಕಿ ಅದು ಎರಡೇ ದಿನದಲ್ಲಿ 'ಪುಳಿಗಂಜಿ ಜ್ವರ' ಆಗಿದೆ.

ಆದೇಶದ ಸಾರಾಂಶ: ಜ್ವರದ ವಿಷಯದಲ್ಲಿ ಜನರಿಗೆ ಏನು ಬೇಕೆಂಬುದನ್ನು ಜನರನ್ನೇ ಕೇಳಿ ತಿಳಿಯಬೇಕೆಂದು ಸರ್ಕಾರಕ್ಕೆ ಮನಸ್ಸಾಗಿದೆ. ಏಳೆಂಟು ತಿಂಗಳ ಹಿಂದಷ್ಟೇ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ನೆಂಟರಲ್ಲವೆ, ಉಪಚಾರದ ಮಾತು ಸ್ವಲ್ಪ ಜಾಸ್ತಿ. ಅರವತ್ತೆರಡು ಮನೆ, ಮನೆಗೊಂದು ನಮೂನೆ, ಇದೇ 29ರೊಳಗೆ ಹೆಬ್ಬೆಟ್ಟು ಒತ್ತಿಸಿ ಸಿದ್ಧವಾಗಿಡಬೇಕು. ಪ್ರಶ್ನೆಗಳು ಐದು, ಮುಖ್ಯವಾದುದು ಮೊದಲನೆಯದು. ಜ್ವರ ಬಂದವರು (ಅ) ಕುಶಾಲನಗರದ ಬಳಿಯ ಶಿಬಿರಕ್ಕೆ ಲಾರಿಯಲ್ಲಿ ಸಾಗಿಸಲ್ಪಡಲು ಇಚ್ಛಿಸುವರೋ, ಅಥವಾ (ಆ) ಸ್ವಗೃಹದಲ್ಲಿಯೇ ಇದ್ದು ಕಾಂಪೌಂಡರನಿಂದ ಔಷಧ ಪಡೆಯಲು ಇಚ್ಛಿಸುವರೋ? ಅರ್ಧಕ್ಕಿಂತ ಒಂದಾದರೂ ಹೆಚ್ಚು ಮನೆಗಳು (ಆ) ಎಂದರೆ ಊರಿಗೆ ಕಾಂಪೌಂಡರ್ ಬರುತ್ತಾನೆ. ಇಲ್ಲದಿದ್ದರೆ ಲಾರಿ ಬಂದು ಜ್ವರ ಬಂದವರನ್ನೆಲ್ಲ ಒಯ್ಯುತ್ತದೆ. ಉತ್ತರ ಕೊಡದ ಮನೆಯವರು ಲಾರಿಗೆ ಒಪ್ಪಿದಂತೆ. ಇದನ್ನು ಮಾತ್ರ ಅಡಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ.

ಇದಕ್ಕೆಂದೇ ಬೆಂಗಳೂರಿನಿಂದ ಮಡಿಕೇರಿಗೆ ಬಂದಿರುವ ಸಾಹೇಬರ ಪತ್ರವೂ ಜೊತೆಗಿದೆ. 'ಪ್ರಗತಿಪರ ಗ್ರಾಮಗಳು ಶಿಬಿರವನ್ನೇ ಆರಿಸುವುವೆಂದು ನಂಬಲಾಗಿದೆ.' ಇನ್ನೊಂದು ವಾಕ್ಯ: 'ಸಹಕರಿಸಿದ ಉಪಾಧ್ಯಾಯರ ವರ್ಗಾವಣೆಯ ಕೋರಿಕೆಗಳನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.' ಈ ಎರಡು ವಾಕ್ಯಗಳ ನಡುವಣ ಬಾಂಧವ್ಯ ತಿಳಿಯದಷ್ಟು ದಡ್ಡ ನಾನಲ್ಲ. ಮರುಟಪಾಲಿನಲ್ಲೇ ಉತ್ತರಿಸಿದೆ: 'ಅರವತ್ತೆರಡು ಮನೆಯವರೂ ಒಕ್ಕೊರಲಿನಿಂದ ಶಿಬಿರವನ್ನು ಇಚ್ಛಿಸುವರು. ಇಂತು ತಮ್ಮ ವಿಧೇಯ, ನಾಗೇಶ್ವರ.'

ಕೇಳುವ ಮೊದಲೇ ಉತ್ತರ ಬರೆದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಈ ಜನಕ್ಕೆ ತಮಗೇನು ಬೇಕೆಂಬುದು ಗೊತ್ತಿದ್ದರಲ್ಲವೆ ಕೇಳುವುದು? ಮನೆಯಲ್ಲಿ ಇವರು ಆಡುವುದು ಅರೆಭಾಷೆ. 'ಬೇಡ' ಎನ್ನುವಲ್ಲಿ 'ಬೊತ್ತು' ಎನ್ನುತ್ತಾರೆ. ಆ ಪದವನ್ನು ನನ್ನ ತರಗತಿಯಲ್ಲಿ ನಿಷೇಧಿಸಿದ್ದೇನೆ. ಬೊತ್ತು ಎಂದ ಮಗು ಬೆಂಚಿನ ಮೇಲೆ ನಿಲ್ಲಬೇಕು. ಐದು ವರ್ಷಗಳ ಈ ಹೋರಾಟದ ಫಲವಾಗಿ ಮಕ್ಕಳು ಬೆಂಚಿನ ಮೇಲೆ ನಿಲ್ಲುವುದರಲ್ಲಿ ಪ್ರವೀಣರಾಗಿದ್ದಾರೆ.

ವಾರಿಜಾಕ್ಷಿಗೂ ಮಡಿಕೇರಿಯೇ ಇಷ್ಟ. ಕೇಳಿಲ್ಲ. ಹೆಂಡತಿಯನ್ನು ಕೇಳುವುದೇನಿದೆ?

ಮಂಗಳವಾರ, 18 ಜೂನ್

ಸಂಶೋಧನೆಗೆ ವಿಧ್ಯುಕ್ತವಾಗಿ ಚಾಲನೆ ಕೊಟ್ಟೆ. ಪಟೇಲ ಮಾಯಿಲಪ್ಪನವರ ಮನೆಯಿಂದಲೇ ಆರಂಭ. ಅವರಿಗೆ ಮೂರು ದಿನದಿಂದ ಜ್ವರ, ಇಂದು ಇಳಿಮುಖ. ಮಂಚದ ಪಕ್ಕದಲ್ಲಿ ಕುಳಿತು ಕನ್ನಡಕ ಒರೆಸಿಕೊಂಡು, ನಮೂನೆಯ ತಲೆಬರಹವನ್ನು ಗಟ್ಟಿಯಾಗಿ ಓದಿದೆ: "ಆರೋಗ್ಯ ಇಚ್ಛಾಪತ್ರ." ಬಳಿಕ ತಗ್ಗಿದ ದನಿಯಲ್ಲಿ, ಸಂದರ್ಭದ ಗಾಂಭೀರ್ಯಕ್ಕೆ ತಕ್ಕಂತೆ ಕೇಳಿದೆ: "ಮಾಯಿಲಪ್ಪನವರೇ, ನಿಮ್ಮ ಇಚ್ಛೆ ಏನು?"

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ತಂಗಮ್ಮನ ಕೈಯಿಂದ ಚೊಂಬು ಬಿತ್ತು. "ಅಯ್ಯೋ! ಡಾಕ್ಟ್ರು ಮೇಷ್ಟ್ರ ಹತ್ರ ಹೇಳಿ ಕಳ್ಸಿದ್ದಾರೆ! ನನ್ ಹತ್ರ ಹೇಳ್ಲೇ ಇಲ್ಲ!" ಮುಂದಿನದು ಕ್ಷಣಾರ್ಧದಲ್ಲಿ ನಡೆಯಿತು. ದಾಯಾದಿಗಳು ಬಂದರು. ಯಾರೋ ತುಳಸಿ ನೀರು ತಂದರು. ಇನ್ಯಾರೋ ತಲೆಯನ್ನು ದಕ್ಷಿಣಕ್ಕೆ ತಿರುಗಿಸೋಣವೇ ಎಂದರು. ಮಾಯಿಲಪ್ಪನವರು ನನ್ನ ಕೈ ಹಿಡಿದುಕೊಂಡು, "ಹಂಗಾದ್ರೆ ಮುಚ್ಚಿಡೋದು ಬೇಡ ಮೇಷ್ಟ್ರೆ, ಎಷ್ಟು ಹೊತ್ತು ಉಂಟು?" ಎಂದರು.

"ಎಷ್ಟು ಹೊತ್ತಾದರೂ ಪರವಾಗಿಲ್ಲ, ನಿಧಾನವಾಗಿ ಯೋಚಿಸಿ ಹೇಳಿ" ಎಂದೆ. ನಾನು ಹೇಳಿದ್ದು ಉತ್ತರದ ಬಗ್ಗೆ.

ಅವರು ಕಣ್ಣು ಮುಚ್ಚಿ ಯೋಚಿಸಿದರು. "ಒಂದು ಕೋಳಿಸಾರು" ಎಂದರು. "ಖಾರ ಕಮ್ಮಿ ಮಾಡ್ಬೇಡಿ. ಇನ್ನೇನು, ಆಯ್ತಲ್ಲ."

ತಂಗಮ್ಮ ಅಳುತ್ತಲೇ ಕೋಳಿ ಹಿಡಿಯಲು ಹೋದರು. ಕೋಳಿಸಾರಿಗೆ ನಮೂನೆಯಲ್ಲಿ ಅಂಕಣವಿಲ್ಲ. 'ಇತರೆ' ಎಂಬಲ್ಲಿ ಬರೆದುಕೊಂಡೆ. ಹೊರಡುವಾಗ ಬಾಳೆಹಣ್ಣು ಕೊಟ್ಟರು. ಈ ಊರಿನ ಮನೆಗಳಲ್ಲಿ ನಾನು ಸ್ವೀಕರಿಸುವುದು ಬಾಳೆಹಣ್ಣನ್ನು ಮಾತ್ರ. ಸಂಜೆ ಶಾಲೆಯ ಮುಂದೆ ಮಾಯಿಲಪ್ಪನವರು ತೇಗುತ್ತಾ ನಡೆದುಹೋದುದನ್ನು ಕಂಡೆ. ನನ್ನನ್ನು ನೋಡಿ ಆ ಬದಿಗೆ ದಾಟಿದರು.

ಒಟ್ಟು ಹೆಬ್ಬೆಟ್ಟು: ಸೊನ್ನೆ. ಆದರೆ ಮೊದಲ ದಿನವಲ್ಲವೆ.

ಬುಧವಾರ, 19 ಜೂನ್

ಹದಿನಾಲ್ಕು ಮನೆ ಹತ್ತಿ ಇಳಿದೆ. ಹದಿಮೂರರ ಬಾಗಿಲು ನಾನು ಅಂಗಳಕ್ಕೆ ಕಾಲಿಡುತ್ತಿದ್ದಂತೆ ಮುಚ್ಚಿತು. ಹದಿನಾಲ್ಕನೆಯದಕ್ಕೆ ಬಾಗಿಲಿರಲಿಲ್ಲ, ಮನೆಯವರೇ ಹಿತ್ತಲಿನಿಂದ ಓಡಿದರು.

ಕಾಲಿಗೆ ಹತ್ತಿದ ಜಿಗಣೆ ಒಂಬತ್ತು. ಹೆಬ್ಬೆಟ್ಟು ಸೊನ್ನೆ.

ಶುಕ್ರವಾರ, 21 ಜೂನ್

ಕಾರಣ ನಿನ್ನೆ ತಿಳಿಯಿತು. ಬೆಂಗಳೂರಿನಲ್ಲಿ ಯಾವನೋ ವಿದ್ವಾಂಸ ಈ ನಮೂನೆಗೆ 'ಇಚ್ಛಾಪತ್ರ' ಎಂದು ನಾಮಕರಣ ಮಾಡಿದ್ದಾನೆ. ಇಚ್ಛಾಪತ್ರವೆಂದರೆ ಏನೆಂದು ಆತನಿಗೆ ತಿಳಿಯದಿದ್ದರೂ ಕೊಡಗಿನ ಎಳೆಮಗುವಿಗೂ ಗೊತ್ತು: ಸಾಯುವವನು ಆಸ್ತಿ ಯಾರಿಗೆಂದು ಬರೆದಿಡುವ ವಿಲ್ಲು. ಊರೆಲ್ಲ ಸುದ್ದಿ ಹಬ್ಬಿದೆ. ಮೇಷ್ಟ್ರು ಜ್ವರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಒತ್ತಿದವನು ಲಾರಿಯಲ್ಲಿ ಹೋಗುತ್ತಾನೆ, ಲಾರಿಯಲ್ಲಿ ಹೋದವನು ಬರುವುದಿಲ್ಲ, ಅವನ ಜಮ್ಮಾ ಗದ್ದೆ ಮೈಸೂರಿಗೆ. ಮುತ್ತಜ್ಜನ ಕಾಲದಿಂದ ವಂಶಕ್ಕೆ ಬಂದ ಗದ್ದೆ, ಜ್ವರಕ್ಕೆ ಹೋಗಲು ಬಿಡುತ್ತಾರೆಯೆ?

ಇಂದು ಒಬ್ಬರು ಮಾತ್ರ ತಾವಾಗಿ ಶಾಲೆಗೆ ಬಂದರು: ತೋಟದಂಚಿನ ಬೆಳ್ಯಪ್ಪ. ಕೆಮ್ಮುತ್ತಿದ್ದರೂ ಮುಖದಲ್ಲಿ ಉತ್ಸಾಹವಿತ್ತು.

"ಬರ್ಕೊಳ್ಳಿ ಮೇಷ್ಟ್ರೆ. ನನ್ ತಮ್ಮನಿಗೆ ಒಂದು ಸೌಟೂ ಇಲ್ಲೆ."

"ಬೆಳ್ಯಪ್ಪನವರೇ, ಇದು ಆ ಪತ್ರವಲ್ಲ. ಚುಚ್ಚುಮದ್ದು ಬೇಕೋ, ಕುಡಿಯುವ ಮಿಕ್ಸ್ಚರ್ ಬೇಕೋ?"

"ಎರಡೂ ಮಗಳಿಗೆ. ಎಮ್ಮೆಯೂ ಮಗಳಿಗೆ."

"ಸರಿ, ಇದನ್ನು ಕೇಳಿ. ಏಳು ದಿನದ ಸಾಧಾರಣ ಜ್ವರ, ಮೂರು ದಿನದ ತೀವ್ರ ಜ್ವರ, ಇವೆರಡರಲ್ಲಿ ಯಾವುದು ಇಷ್ಟ?"

ಅವರು ಒಮ್ಮೆ ಕೆಮ್ಮಿದರು. "ಅದನ್ನ ತಮ್ಮನಿಗೆ ಬರೀರಿ" ಎಂದರು. "ಎರಡೂ."

ತಲೆಬರಹ ಬದಲಾಯಿಸಲು ಅನುಮತಿ ಕೇಳಿ ನಿನ್ನೆಯೇ ಬಸ್ಸಿನಲ್ಲಿ ಪತ್ರ ಕಳಿಸಿದ್ದೆ. ಸಂಜೆಯ ಬಸ್ಸಿಗೆ ಸಾಹೇಬರ ಉತ್ತರ ಬಂತು. 'ಮುದ್ರಿತ ಶೀರ್ಷಿಕೆಯನ್ನು ತಿದ್ದಲು ಯಾರಿಗೂ ಅಧಿಕಾರವಿಲ್ಲ. ಹೇಗೂ ಉತ್ತರ ಬಾರದಿದ್ದಲ್ಲಿ ಶಿಬಿರಕ್ಕೆ ಸಮ್ಮತಿಯೆಂದೇ ಅರ್ಥ. ತಮ್ಮ ಗ್ರಾಮ ಮುಂಚೂಣಿಯಲ್ಲಿದೆ.'

ಅಂದರೆ ನಾನೇನೂ ಮಾಡದಿದ್ದರೂ ಗೆದ್ದಂತೆಯೆ! ಕಾಲು ಚಾಚಿ ಕುಳಿತರೆ 29ಕ್ಕೆ ಲಾರಿ, ಆಮೇಲೆ ಮಡಿಕೇರಿ. ಇಷ್ಟು ಸಲೀಸಾದ ಸಂಶೋಧನೆ ಲೋಕದಲ್ಲಿ ಇನ್ನೊಂದಿರಲಾರದು.

ಶನಿವಾರ, 22 ಜೂನ್

ಬೊಳ್ಳಮ್ಮಜ್ಜಿಯ ಮನೆಗೆ ಹೋಗುವ ಉದ್ದೇಶವೇ ಇರಲಿಲ್ಲ. ದಾರಿಯಲ್ಲಿ ಅವರೇ ಅಡ್ಡ ನಿಂತರು. ಎಪ್ಪತ್ತರ ಹೆಂಗಸು, ಕೋಲು ಊರಲೆಂದಲ್ಲ, ತೋರಿಸಲೆಂದು ಹಿಡಿದಿದ್ದರು.

"ಮೇಷ್ಟ್ರೆ, ಲಾರಿ ಬರೋದು ನಿಜವಾ?"

"29ಕ್ಕೆ."

"ನಮ್ ಕಮಲನಿಗೆ ನಿನ್ನೆಯಿಂದ ಜ್ವರ."

ಕಮಲ ಅವರ ಸೊಸೆ. ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದಿದೆ. ಮಗ ಸೋಮಯ್ಯ ಪಟಾಲಮಿನಲ್ಲಿ, ಎಲ್ಲೋ ಪಂಜಾಬಿನ ಕಡೆ. ಮನೆಯಲ್ಲಿರುವುದು ಇಬ್ಬರೇ.

"ತುಂಬಿದ ಹೆಣ್ಣನ್ನ ಲಾರಿಲಿ ಹಾಕಿ ಫ್ರೇಸರ್‌ಪೇಟೆವರೆಗೆ ನಲ್ವತ್ತು ಮೈಲಿ ಕುಲುಕಿಸ್ತೀರಾ? ಈ ರಸ್ತೆಲಿ? ಹೊಂಡ ಎಷ್ಟುಂಟು ಹೇಳಿ!"

ಕುಶಾಲನಗರವನ್ನು ಅವರು ಇನ್ನೂ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಹೊಂಡಗಳನ್ನು ನಾನು ಎಣಿಸಿಲ್ಲವೆಂದೆ. ಲಾರಿ ಬೇಡವಾದರೆ (ಆ) ಎಂದು ಹೆಬ್ಬೆಟ್ಟು ಒತ್ತಬಹುದು ಎಂದು ತಿಳಿಸಿ, ಚೀಲದಿಂದ ನಮೂನೆಯನ್ನು ಹೊರತೆಗೆದೆ.

"ಅದರ ಹೆಸರೇನು?"

"ಇಚ್ಛಾ—"

"ಕಂಡ್ರಾ!" ಕೋಲು ಮೇಲೆದ್ದಿತು. "ಲಾರಿ ತಪ್ಬೇಕಾದ್ರೆ ಗದ್ದೆ ಬರ್ಕೊಡ್ಬೇಕು. ಗದ್ದೆ ಉಳಿಬೇಕಾದ್ರೆ ಸೊಸೆನ ಕೊಡ್ಬೇಕು. ಒಳ್ಳೆ ಸರ್ಕಾರ ಮಾರಾಯ್ರೆ ನಿಮ್ಮದು!"

ಇದು ಅಪಾರ್ಥವೆಂದು ಅರ್ಧ ಗಂಟೆ ವಿವರಿಸಿದೆ. ಶುದ್ಧವಾದ ಕನ್ನಡದಲ್ಲಿ ವಿವರಿಸಿದೆ. ಅದರಿಂದಾಗಿ ಅವರ ಅನುಮಾನ ಇನ್ನೂ ಗಟ್ಟಿಯಾಯಿತು.

ಬಾಗಿಲಿನಿಂದ ಒಳಗೆ ಕಂಡಿತು. ಆ ಹುಡುಗಿ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದಂತೆ. ನನ್ನ ಶಾಲೆಯ ವಯಸ್ಕರ ರಾತ್ರಿ ತರಗತಿಯಲ್ಲಿ ಒಂದು ವರ್ಷ ಓದಿದವಳು. ನನ್ನನ್ನು ಕಂಡು ಎದ್ದು ನಿಲ್ಲಲು ಹೊರಟಳು.

ಇದು ಸಂಶೋಧನೆಗೆ ಸಂಬಂಧಿಸಿದ ವಿಷಯವಲ್ಲ. ಸುಮ್ಮನೆ ಬರೆದೆ.

ಸೋಮವಾರ, 24 ಜೂನ್

ನಿನ್ನೆ ಬರೆಯಲಿಲ್ಲ. ರಸ್ತೆಯ ಹೊಂಡಗಳನ್ನು ನೋಡಿಕೊಂಡು ಬರೋಣವೆಂದು ಬಸ್ಸು ನಿಲ್ಲುವಲ್ಲಿಯವರೆಗೆ ಹೋಗಿದ್ದೆ. ಎರಡು ಮೈಲಿಗೆ ನೂರ ಹನ್ನೆರಡು. ಅಲ್ಲಿಗೆ ನಿಲ್ಲಿಸಿದೆ.

ವಾರಿಜಾಕ್ಷಿ ಎರಡು ದಿನದಿಂದ ಬೊಳ್ಳಮ್ಮಜ್ಜಿಯ ಮನೆಯಲ್ಲೇ ಇರುತ್ತಾಳೆ. ಮಾತಿಗೆ ಹೋಗುತ್ತಾಳೆಂದು ತಿಳಿದಿದ್ದೆ. ಗಂಜಿ, ಕಷಾಯ ಹೊತ್ತುಕೊಂಡು ಹೋಗುವಳಂತೆ. ಅವಳು ಹುಟ್ಟಿ ಬೆಳೆದದ್ದು ಭಾಗಮಂಡಲದಲ್ಲಿ. ಅರೆಭಾಷೆ ಅವಳಿಗೆ ನೀರು ಕುಡಿದ ಹಾಗೆ. ಮದುವೆಯ ಬಳಿಕ ನಾನೇ ಅದನ್ನು ಬಿಡಿಸಿದ್ದೆ ಎಂದು ತಿಳಿದಿದ್ದೆ.

ಊಟಕ್ಕೆ ಕುಳಿತಾಗ ಊರವರ ಮೂರ್ಖತನದ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ. ಅವಳು ಪಲ್ಯ ಬಡಿಸುತ್ತಾ, "ಏನು ಬೇಕು ಅಂತ ಯಾಕೆ ಕೇಳ್ತೀರಿ?" ಎಂದಳು.

"ಮತ್ತೇನು ಕೇಳಬೇಕು? ಸರ್ಕಾರದ ಪ್ರಶ್ನೆಯೇ ಅದು."

"ಇಲ್ಲಿ ಯಾರಾದ್ರೂ ಮನೆಗೆ ಬಂದವ್ರ ಎದುರು 'ನಂಗಿದು ಬೇಕು' ಅಂತಾರಾ? ಅದು ಬೇಡಿದ ಹಾಗಲ್ವಾ? ಸಾಯೋವಾಗ ಮಾತ್ರ ಹೇಳ್ತಾರೆ. ಅದಕ್ಕೇ ಇಚ್ಛೆ ಅಂದ್ರೆ ಹೆದರ್ತಾರೆ. ನೀವು ಏನು ಬೊತ್ತು ಅಂತ ಕೇಳಿ. ಸಂಜೆವರೆಗೆ ಹೇಳ್ತಾರೆ."

ನನ್ನ ಮನೆಯಲ್ಲಿ, ನನ್ನ ತಟ್ಟೆಯ ಎದುರು, ಆ ಪದ! ಬೆಂಚು ಶಾಲೆಯಲ್ಲಿತ್ತು; ಬಚಾವಾದಳು.

ಆದರೂ ಯೋಚಿಸುತ್ತಾ ಕೈ ಒಣಗಿತು. ಈ ಉಪಾಯ ನನಗೆ ಮೊದಲೇ ಹೊಳೆದಿತ್ತು; ಬಾಯಿಬಿಟ್ಟದ್ದು ಮಾತ್ರ ಅವಳು ಮೊದಲು. ಮುದ್ರಿತ ಶೀರ್ಷಿಕೆಯನ್ನು ತಿದ್ದಲು ಅಧಿಕಾರವಿಲ್ಲ, ನಿಜ. ಮುಚ್ಚಬಾರದೆಂದು ಯಾರೂ ಹೇಳಿಲ್ಲವಲ್ಲ. ಮಧ್ಯಾಹ್ನವೆಲ್ಲ ಇಬ್ಬರೂ ಕುಳಿತು ಅರವತ್ತೆರಡು ಚೀಟಿ ಕತ್ತರಿಸಿದೆವು. ನಾನು ನನ್ನ ದುಂಡಕ್ಷರದಲ್ಲಿ ಬರೆದೆ, ಅವಳು ಅನ್ನದ ಅಗುಳಿನಿಂದ ತಲೆಬರಹದ ಮೇಲೆ ಅಂಟಿಸಿದಳು: 'ಬೊತ್ತುಪತ್ರ.'

ಒತ್ತಕ್ಷರ ಮುದ್ದಾಗಿ ಬಂದಿದೆ. ಬರೆಯಲು ಒಳ್ಳೆಯ ಪದ.

ಮಂಗಳವಾರ, 25 ಜೂನ್

ಮೊದಲು ಬೊಳ್ಳಮ್ಮಜ್ಜಿ. ಅಂಗಳದಲ್ಲೇ ನಿಂತು ಕೂಗಿದೆ: "ಅಜ್ಜಿ, ನಿಮಗೆ ಏನು ಬೊತ್ತು?"

ಬಾಗಿಲು ತೆರೆಯಿತು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕರೆದು ಕೂರಿಸಿದರು. ಆಮೇಲೆ ಶುರುವಾಯಿತು. ಲಾರಿ ಬೊತ್ತು. ಶಿಬಿರ ಬೊತ್ತು. ಸೂಜಿ ಬೊತ್ತು, ಸೂಜಿ ಹಾಕುವವನು ಮೀಸೆ ತಿರುವುವವನಾದರೆ ಮೊದಲೇ ಬೊತ್ತು. ಕಹಿ ಮದ್ದು ಅಡ್ಡಿಯಿಲ್ಲ, ಆದರೆ ಸಿಹಿ ಅಂತ ಸುಳ್ಳು ಹೇಳಿ ಕೊಡುವುದು ಬೊತ್ತು. ಹೆರಿಗೆಯಾಗುವವರೆಗೆ ಮನೆಗೆ ಬಂದು "ಅಯ್ಯೋ ಪಾಪ" ಎನ್ನುವ ನೆಂಟರು ಬೊತ್ತು.

ಬರೆದೂ ಬರೆದೂ ಮಸಿ ಮುಗಿಯಿತು. ಸರ್ಕಾರ ಐದು ಪ್ರಶ್ನೆ ಕೇಳಿತ್ತು. ಅಜ್ಜಿ ಹನ್ನೊಂದಕ್ಕೆ ಉತ್ತರ ಕೊಟ್ಟರು.

"ಹೆಬ್ಬೆಟ್ಟು?"

"ಇದರಲ್ಲಿ ಗದ್ದೆ ಹೋಗೋದಿಲ್ಲವಲ್ಲ?"

"ಇಚ್ಛಾಪತ್ರ ಬರೆದರೆ ಎಲ್ಲ ಕೊಟ್ಟಂತೆ. ಬೊತ್ತುಪತ್ರ ಬರೆದರೆ ಏನೂ ಕೊಡಲ್ಲ ಅಂದಂತೆ" ಎಂದೆ. ಕಾನೂನಿನ ಇಂಥ ಸೂಕ್ಷ್ಮ ವ್ಯಾಖ್ಯಾನ ಹೈಕೋರ್ಟಿನಲ್ಲೂ ಕೇಳಲು ಸಿಗದು. ಅಜ್ಜಿ ಎಷ್ಟು ಜೋರಾಗಿ ಒತ್ತಿದರೆಂದರೆ ಕಾಗದದ ಹಿಂದೆಯೂ ಹೆಬ್ಬೆಟ್ಟು ಮೂಡಿತು.

ಹನ್ನೊಂದು ಗಂಟೆಗೆ ಸುದ್ದಿ ನನಗಿಂತ ಮುಂದೆ ಓಡಿತ್ತು. ತಂಗಮ್ಮ ದಾರಿಗೇ ಬಂದು ಗಂಡನ ಪರವಾಗಿ ಒತ್ತಿದರು. ಬೆಳ್ಯಪ್ಪ "ತಮ್ಮ ಬೊತ್ತು" ಎಂದು ಸೇರಿಸಲು ಹಟ ಹಿಡಿದರು, 'ಇತರೆ'ಯಲ್ಲಿ ಬರೆದೆ. ಏಳು ದಿನದ ಜ್ವರ, ಮೂರು ದಿನದ ಜ್ವರ ಎಂಬ ಪ್ರಶ್ನೆಗೆ ಮಾತ್ರ ಎಲ್ಲರದೂ ಒಂದೇ ಉತ್ತರ: ಎರಡೂ ಬೊತ್ತು. ಜ್ವರವೇ ಬೇಡ ಎನ್ನುವವರಿಗೆ ಸರ್ಕಾರ ಅಂಕಣವನ್ನೇ ಬಿಟ್ಟಿಲ್ಲ. ಸ್ಕೇಲಿಟ್ಟು ನಾನೇ ಒಂದು ಗೆರೆ ಎಳೆದು ಹೊಸ ಅಂಕಣ ಮಾಡಿದೆ.

ಇಂದಿಗೆ ಹತ್ತೊಂಬತ್ತು. ಎಲ್ಲರೂ ಮನೆಯ ಪಕ್ಷ. ಅಂದಹಾಗೆ ಅಜ್ಜಿಯ ಬೆಲ್ಲದ ಕಾಫಿಗೆ ಏಲಕ್ಕಿ ತುಸು ಹೆಚ್ಚಾಗಿತ್ತು. ನಾಳೆ ಹೇಳಬೇಕು.

ಶುಕ್ರವಾರ, 28 ಜೂನ್

ಮೂವತ್ತೊಂದು. ಅಲ್ಲಿಗೆ ನಿಂತಿದೆ.

ಊರ ನಡುವಿನ ಕೊಲ್ಲಿ ಮಳೆಗೆ ಉಕ್ಕಿ, ಕಾಲುಸಂಕ ಬುಧವಾರ ಕೊಚ್ಚಿಹೋಯಿತು. ಆಚೆ ಇಪ್ಪತ್ತು ಮನೆಗಳಿವೆ. ನೀರಿನ ಈ ದಡದಿಂದ "ಏನು ಬೊತ್ತು" ಎಂದು ಕೂಗಿದೆ. ಅವರು ಕೂಗಿದ್ದು ಕೇಳಿಸಿತು, ಆದರೆ ಕೂಗಿಗೆ ಹೆಬ್ಬೆಟ್ಟು ಒತ್ತಿಸುವುದು ಹೇಗೆ? ಈಚೆ ಹತ್ತು ಮನೆಯವರು ಏನೆಂದರೂ ಬಗ್ಗುವುದಿಲ್ಲ. ಹೆಬ್ಬೆಟ್ಟು ಹೆಬ್ಬೆಟ್ಟೇ ಎನ್ನುತ್ತಾರೆ. ಮೂವತ್ತೊಂದು ಎಂದರೆ ಸರಿಯಾಗಿ ಅರ್ಧ. ಬೇಕಾದುದು ಮೂವತ್ತೆರಡು.

ಕಮಲನ ಜ್ವರ ಇಳಿದಿಲ್ಲ. ಹುಡುಗಿ ಇಂದು ನನ್ನ ಹತ್ತಿರ, "ಮೇಷ್ಟ್ರೆ, ನನ್ನ ಲಾರಿಗೆ ಹತ್ತಿಸ್ಬೇಡಿ" ಎಂದಳು. ಐದು ಪ್ರಶ್ನೆಗಳಲ್ಲಿ ಸುತ್ತಿ ಬಳಸಿ ಕೇಳಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಿದಳು. ವ್ಯಾಕರಣದಲ್ಲಿಯೂ ತಪ್ಪಿರಲಿಲ್ಲ.

ಪಟ್ಟಿಯಲ್ಲಿ ಅರವತ್ತೆರಡನೆಯದು 'ಶಾಲೆ ಹಾಗೂ ಮೇಷ್ಟ್ರ ವಸತಿ.' ಆ ನಮೂನೆ ಮೇಜಿನ ಮೇಲೆ ಖಾಲಿ ಇದೆ. ಸಂಶೋಧಕನು ಸಂಶೋಧನೆಯ ಹೊರಗಿರಬೇಕೆಂಬುದು ನನ್ನ ಸಿದ್ಧಾಂತ. ಅಲ್ಲದೆ 'ಒಕ್ಕೊರಲಿನಿಂದ ಶಿಬಿರ' ಎಂದು ಬರೆದುಕೊಟ್ಟವನ ರುಜುವೇ ಶಿಬಿರದ ವಿರುದ್ಧ ಕಂಡರೆ ಸಾಹೇಬರ ಸಹಾನುಭೂತಿ ಏನಾದೀತು?

ವಾರಿಜಾಕ್ಷಿ ಮೇಜು ಒರೆಸುವಾಗ ಆ ಕಾಗದವನ್ನು ಮೂರು ಸಲ ಎತ್ತಿ ಮೂರು ಸಲ ಅಲ್ಲಿಯೇ ಇಟ್ಟಳು. "ನಮ್ಮನೆಗೆ ಬರೋದು ಯಾವಾಗ ಮೇಷ್ಟ್ರೆ?" ಎಂದಳು. ಅವಳು ನನ್ನನ್ನು ಮೇಷ್ಟ್ರೆ ಎಂದು ಕರೆದದ್ದು ಇದೇ ಮೊದಲು. ನನಗೆ ಅದು ಹಿಡಿಸಲಿಲ್ಲ.

ಶನಿವಾರ, 29 ಜೂನ್

ವಿಜಯ! ಕ್ರಮವಾಗಿ ಬರೆಯುತ್ತೇನೆ, ಮುಂದಿನ ಪೀಳಿಗೆಗೆ ಉಪಯೋಗವಾದೀತು.

ಬೆಳಿಗ್ಗೆ ಹತ್ತಕ್ಕೆ ಲಾರಿ ಬಂತು. ಸಾಹೇಬರು ಮುಂದಿನ ಸೀಟಿನಿಂದ ಇಳಿದರು, ಅಥವಾ ಸುರಿದರು ಎನ್ನಬೇಕು. ಮುಖ ಕೆಂಪು, ಕಣ್ಣು ಕೆಂಪು. ಹೊಂಡಗಳ ಪ್ರಭಾವವೆಂದು ತಿಳಿದೆ. ಪಕ್ಕದೂರಿಗೆ ನೇಮಕವಾದ ಕಾಂಪೌಂಡರ್ ಮಲ್ಲಪ್ಪನೂ ಮಿಕ್ಸ್ಚರ್ ಬಾಟಲಿಗಳ ಪೆಟ್ಟಿಗೆಯೊಂದಿಗೆ ಅದೇ ಲಾರಿಯಲ್ಲಿದ್ದ. ಇಷ್ಟರಲ್ಲಿ ಬೊಳ್ಳಮ್ಮಜ್ಜಿ ಮನೆಯಿಂದ ಮಣೆ ತಂದು ಲಾರಿಯ ಮುಂದಿನ ಚಕ್ರದೆದುರು ಹಾಕಿ ಕುಳಿತರು. ಎಲೆಯಡಿಕೆ ಚೀಲವನ್ನೂ ತಂದಿದ್ದರು. ತುಂಬ ಹೊತ್ತು ಕೂರುವ ಸಿದ್ಧತೆ.

ಸಾಹೇಬರು ತರಗತಿಯ ಬೆಂಚಿನ ಮೇಲೆ ಕುಳಿತು ನಮೂನೆಗಳನ್ನು ತಿರುವಿದರು. "ಏನ್ರೀ ಇದು, ಬೊತ್ತುಪತ್ರ? ಸರ್ಕಾರಿ ಶೀರ್ಷಿಕೆ ತಿದ್ದಿದ್ದೀರಿ! ಇವೆಲ್ಲ ಅಸಿಂಧು."

"ತಿದ್ದಿಲ್ಲ ಸಾರ್, ಅಂಟಿಸಿದೆ. ಚೀಟಿ ಕಿತ್ತರೆ ಅಚ್ಚಿನ ಶೀರ್ಷಿಕೆ ಹಾಗೆಯೇ ಇದೆ. ಕೀಳಬಹುದು. ಆದರೆ ಕಿತ್ತ ಕೂಡಲೇ ಮೂವತ್ತೊಂದು ಮನೆತನಗಳ ಜಮ್ಮಾ ಗದ್ದೆಯ ಇಚ್ಛಾಪತ್ರ ತಮ್ಮ ಕೈಯಲ್ಲಿರುತ್ತದೆ. ಇವರೆಲ್ಲರ ದಾಯಾದಿಗಳು ನಾಳೆ ತಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಹೆಚ್ಚಿನವರ ಮನೆಯಲ್ಲಿ ಕೋವಿ ಉಂಟು."

ಸಾಹೇಬರು ನಮೂನೆಗಳನ್ನು ಮೆಲ್ಲನೆ ಕೆಳಗಿಟ್ಟರು. ಚೀಟಿಗಳನ್ನು ಮುಟ್ಟಲಿಲ್ಲ. ಎಣಿಸಿದರು. "ಮೂವತ್ತೊಂದು. ಅರ್ಧ. ಅರ್ಧಕ್ಕಿಂತ ಹೆಚ್ಚಲ್ಲ. ಆ ಮುದುಕಿಯನ್ನ ಎಬ್ಬಿಸಿ, ಲಾರಿ—" ಎನ್ನುತ್ತಾ ಎದ್ದವರು ಹಾಗೆಯೇ ಬೆಂಚಿನ ಮೇಲೆ ಕುಸಿದರು. ಮೈ ಗಡಗಡ ನಡುಗುತ್ತಿತ್ತು.

ವಾರಿಜಾಕ್ಷಿ ಬಾಗಿಲಿನಿಂದಲೇ ನೋಡಿ, "ಇವ್ರಿಗೆ ಪುಳಿಗಂಜಿ" ಎಂದಳು. ಕಂಬಳಿ ತಂದು ಹೊದಿಸಿದಳು. ಆಮೇಲೆ ನನ್ನ ಕಿವಿಯಲ್ಲಿ, "ಈಗ ಇವ್ರು ಎಷ್ಟನೇ ನಂಬ್ರದ ಮನೇಲಿದ್ದಾರೆ?" ಎಂದಳು.

ಈ ಯುಕ್ತಿ ನನಗೆ ಅದೇ ಗಳಿಗೆಯಲ್ಲಿ ಹೊಳೆಯುವುದರಲ್ಲಿತ್ತು. ಅರವತ್ತೆರಡನೆಯ ನಮೂನೆ ತೆಗೆದುಕೊಂಡೆ. ಕನ್ನಡಕ ಒರೆಸಿದೆ. "ಸಾರ್, ಈ ಮನೆಯಲ್ಲಿ ಜ್ವರದವರು ಒಬ್ಬರಿದ್ದಾರೆ. ಅದೇ ಲಾರಿ, ಅದೇ ರಸ್ತೆ, ನಲವತ್ತು ಮೈಲಿ. ತಮಗೆ?"

ಅವರು ಹೊರಗೆ ಲಾರಿಯನ್ನು ನೋಡಿದರು. ಬಂದ ದಾರಿಯನ್ನು ನೆನೆದಿರಬೇಕು, ಕಣ್ಣು ಮುಚ್ಚಿದರು. "ಬೇಡ್ರೀ" ಎಂದರು.

"ಇಲ್ಲಿ ಬೊತ್ತು ಅನ್ನಬೇಕು, ಸಾರ್. ಪತ್ರದ ಹೆಸರೇ ಹಾಗಿದೆ."

"ಬೊತ್ತು" ಎಂದರು ಸಾಹೇಬರು. "ಬೊತ್ತು, ಬೊತ್ತು."

ಇದುವರೆಗೆ ಬೊತ್ತು ಎಂದವರನ್ನು ಬೆಂಚಿಗೆ ಹತ್ತಿಸುತ್ತಿದ್ದೆ. ಬೆಂಚಿನ ಮೇಲಿದ್ದವರಿಂದ ಬೊತ್ತು ಎನ್ನಿಸಿದ್ದು ಇದೇ ಮೊದಲು. ಅವರು ಹಸಿರು ಶಾಯಿಯಿಂದ ರುಜು ಹಾಕಿದರು. ಮನೆಯ ಯಜಮಾನನೆಂದು ಕೆಳಗೆ ನಾನೂ ಹಾಕಿದೆ. ಮೂವತ್ತೆರಡು. ಲಾರಿ ಖಾಲಿ ಹೋಯಿತು. ಮಲ್ಲಪ್ಪ ಪೆಟ್ಟಿಗೆ ಸಮೇತ ಇಳಿದ. ಮೊದಲು ಬೊಳ್ಳಮ್ಮಜ್ಜಿಯ ಮನೆಗೆ ಕರೆದೊಯ್ದೆ. ದಾರಿಯಲ್ಲಿ ಅವನಿಗೆ ಮೀಸೆ ತಿರುವಬಾರದೆಂದು ಎಚ್ಚರಿಸಿದೆ.

ನಾನು ಮೊದಲಿನಿಂದಲೂ ಮನೆಯ ಪಕ್ಷದವನೇ.

ಭಾನುವಾರ, 30 ಜೂನ್

ಜ್ವರ. ನನಗೆ. ಎಲ್ಲ ಬೊತ್ತು.

ಗುರುವಾರ, 4 ಜುಲೈ

ಎದ್ದು ಕುಳಿತಿದ್ದೇನೆ. ಮಿಕ್ಸ್ಚರ್ ಗುಲಾಬಿ ಬಣ್ಣದ್ದು. ಅಳತೆಗೆಂದು ಬಾಟಲಿಗೆ ಅಂಟಿಸಿದ ಕಾಗದದ ಕಚ್ಚುಗಳನ್ನು ನೋಡಿ ಒಂದೊಂದು ಗುಟುಕು. ಸಿಹಿ ಎಂದು ಮಲ್ಲಪ್ಪ ಸುಳ್ಳು ಹೇಳಿದ. ಅಜ್ಜಿಯ ಬೊತ್ತಿನ ಅರ್ಥ ಈಗ ತಿಳಿಯಿತು.

ಐದು ದಿನ ಸಾಹೇಬರು ತರಗತಿಯಲ್ಲಿ, ನಾನು ಪಕ್ಕದ ಕೋಣೆಯಲ್ಲಿ. ಗಂಜಿಗೆ ಅವರದು ಬೊತ್ತು, ಕಷಾಯಕ್ಕೆ ಬೊತ್ತು, ಉಪ್ಪಿನಕಾಯಿಗೆ ಮಾತ್ರ ಮೌನ. ಇಂದು ಮಧ್ಯಾಹ್ನದ ಬಸ್ಸಿಗೆ ಹೊರಟರು. ಹೊರಡುವಾಗ ನನ್ನ ಕೈ ಕುಲುಕಿ, "ನಿಮ್ಮ ವರ್ಗಾವಣೆ ನನಗೆ ಬಿಡಿ" ಎಂದರು.

ಬೆಳಗಿನ ಜಾವ ಕಮಲನಿಗೆ ಹೆರಿಗೆಯಾಯಿತು. ಹೆಣ್ಣು. ತಾಯಿಯ ಜ್ವರ ಮೂರು ದಿನದ ಹಿಂದೆಯೇ ಬಿಟ್ಟಿತ್ತಂತೆ. ವಾರಿಜಾಕ್ಷಿ ಅಲ್ಲೇ ಇದ್ದಳು. ಬಂದು ಬಚ್ಚಲಿಗೆ ಹೋಗಿ ಸ್ನಾನ ಮುಗಿಸಿ, ನನಗೆ ಗಂಜಿ ಕೊಟ್ಟು, ಗೋಡೆಗೆ ಒರಗಿ ಕುಳಿತಳು. ಹಾಗೆಯೇ ನಿದ್ದೆ ಹೋದಳು. ಬಟ್ಟಲನ್ನು ನಾನೇ ತೊಳೆದಿಟ್ಟೆ. ಬಟ್ಟಲು ಎಲ್ಲಿಡುವುದೆಂದು ಗೊತ್ತಾಗದೆ ಹುಡುಕಬೇಕಾಯಿತು.

ಸೋಮಯ್ಯನಿಗೆ ಅಜ್ಜಿಯ ಪರವಾಗಿ ಕಾಗದ ಬರೆದೆ. 'ಇಬ್ಬರೂ ಮನೆಯಲ್ಲಿಯೇ ಕ್ಷೇಮ.'

ಶುಕ್ರವಾರ, 19 ಜುಲೈ

ಶಾಲೆ ತೆರೆದು ಒಂದು ವಾರ. ಇಂದು ಹುಡುಗನೊಬ್ಬ ಮಗ್ಗಿ ಬೊತ್ತು ಎಂದ. ಕಾರಣ ಕೇಳಿದೆ. ಸಮಂಜಸವಾಗಿತ್ತು.

ಸಂಜೆಯ ಟಪಾಲಿನಲ್ಲಿ ಆದೇಶ ಬಂತು. ಮಡಿಕೇರಿಗೆ ವರ್ಗ, ಆಗಸ್ಟ್ ಒಂದಕ್ಕೆ ಹಾಜರಾಗಬೇಕು, ಒಪ್ಪಿಗೆಯನ್ನು ಲಿಖಿತ ಮೂಲಕ ತಿಳಿಸಬೇಕು. ಐದು ವರ್ಷ ಕಾದ ಕಾಗದ. ಎರಡು ಸಲ ಓದಿದೆ. ಒಪ್ಪಿಗೆ ಬರೆಯಲು ಕುಳಿತವನು ಯಾಕೋ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ವಾರಿಜಾಕ್ಷಿ ಕಾಯಿ ತುರಿಯುತ್ತಿದ್ದಳು.

"ನಿನ್ನ ಇಚ್ಛೆ ಏನು?" ಎಂದೆ.

ಅವಳ ಕೈ ನಿಂತಿತು. "ಯಾಕೆ? ನಂಗೇನಾಗಿದೆ?"

ತಪ್ಪು ನನ್ನದೇ. ಇಷ್ಟೆಲ್ಲ ಸಂಶೋಧನೆ ಮಾಡಿದವನು ಹಾಗೆ ಕೇಳಬಾರದಿತ್ತು. ಮಣೆ ಎಳೆದುಕೊಂಡು ಕುಳಿತೆ. ಮತ್ತೆ ಕೇಳಿದೆ: "ನಿನಗೆ ಏನು ಬೊತ್ತು?"

ಅವಳು ಮತ್ತೆ ಕಾಯಿ ತುರಿಯತೊಡಗಿದಳು. ಹೇಳುವುದಿಲ್ಲವೆಂದು ತಿಳಿದು ನಾನು ಏಳುವುದರಲ್ಲಿದ್ದೆ. ಆಮೇಲೆ ಅವಳು ತುರಿಯುತ್ತಲೇ, ನನ್ನನ್ನು ನೋಡದೆ ಹೇಳಿದಳು. ಮಡಿಕೇರಿ ಬೊತ್ತು. ಅಲ್ಲಿ ಅತ್ತೆ ಮನೆಯ ಮೂರು ಕೋಣೆಯಲ್ಲಿ ಹನ್ನೊಂದು ಜನ. ಊಟಕ್ಕೆ ಕುಳಿತಾಗ ಉಪನ್ಯಾಸ ಬೊತ್ತು. ನಶ್ಯ ಬೊತ್ತು. ಮಾತಾಡುವಾಗ ನಡುವೆ ತಿದ್ದುವುದು ಬೊತ್ತು. ಇನ್ನೂ ಇತ್ತು. ನಾನು ಎದ್ದು ಹೋಗಿ ಮಿಕ್ಕಿದ್ದ ನಮೂನೆಯೊಂದನ್ನು ತಂದು ಬರೆದುಕೊಳ್ಳತೊಡಗಿದೆ. ಮುಂಬದಿ ತುಂಬಿ ಹಿಂಬದಿಗೆ ತಿರುಗಿಸಿದಾಗ ಅವಳು ಮೊದಲ ಸಲ ನಕ್ಕಳು.

ಮಡಿಕೇರಿಯ ಹವಾ ನನಗೂ ಎಂದೂ ಒಗ್ಗಿದ್ದಿಲ್ಲ ಎಂಬುದು ಈಗ ನೆನಪಿಗೆ ಬರುತ್ತಿದೆ.

ಕಚೇರಿಗೆ ಉತ್ತರ ಬರೆದೆ: 'ಮಾನ್ಯರೇ, ವರ್ಗಾವಣೆ ಬೊತ್ತು. ಇಂತು ತಮ್ಮ ವಿಧೇಯ.' ಅಂಟು ಹಾಕುವ ಮೊದಲು ಅವಳಿಗೆ ಓದಿ ಹೇಳಿದೆ. ಈ ಪದ ಕಚೇರಿಯವರಿಗೆ ಅರ್ಥವಾದೀತೇ ಎಂದು ಕೇಳಿದೆ.

"ಸಾಹೇಬ್ರು ಹೇಳಿಕೊಡ್ತಾರೆ ಬಿಡಿ" ಎಂದಳು. "ಐದು ದಿನ ಇಲ್ಲಿದ್ದಾಗ ಅವ್ರು ಬೇರೆ ಮಾತೇ ಆಡ್ಲಿಲ್ಲ."